ಮೂಗಿನ ಮೇಷ್ಟ್ರು

ಬೆಳಿಗ್ಗೆಯಿಂದ ಮೇಷ್ಟ್ರು ಮನೆಯೊಳಗಿನ ಒಂದೊಂದೇ ವಸ್ತುವನ್ನು ಮೂಗಿನ ಹತ್ತಿರ ಹಿಡಿದು ವಾಪಸ್ಸು ಇಡುತ್ತಿದ್ದರು. ಹೆಂಡತಿ ಅಡುಗೆಮನೆಯಲ್ಲಿದ್ದಾಗ ಬಚ್ಚಲಿನಲ್ಲಿ ಸೋಪು, ಅವರು ಬಚ್ಚಲಿಗೆ ಹೋದಾಗ ಅಡುಗೆಮನೆಯಲ್ಲಿ ಕಾಫಿಪುಡಿಯ ಡಬ್ಬಿ, ಆಮೇಲೆ ಕಪಾಟಿನ ಮೂಲೆಯಲ್ಲಿದ್ದ ಬೂಟ್ ಪಾಲಿಷ್. ಅಭ್ಯಾಸವಿಲ್ಲದವರು ಕಳ್ಳತನಕ್ಕೆ ಇಳಿದಂತೆ ಒಂದೊಂದು ಮುಚ್ಚಳವೂ ಅವರ ಕೈಯಲ್ಲಿ ಸದ್ದು ಮಾಡುತ್ತಿತ್ತು. ಯಾವುದರಲ್ಲೂ ಏನೂ ಇಲ್ಲ. ಗಾಳಿ ತಣ್ಣಗೆ ಒಳಗೆ ಹೋಗುತ್ತದೆ, ಬೆಚ್ಚಗೆ ಹೊರಗೆ ಬರುತ್ತದೆ, ಅಷ್ಟೇ. ಎರಡು ವರ್ಷದ ಹಿಂದೆ ಮನೆಮನೆಗೂ ಬಂದ ಜ್ವರ ಇವರ ಮನೆಗೂ ಬಂದಿತ್ತು. ಆಗ ಎಲ್ಲರ ಮೂಗೂ ಹೋಗಿತ್ತು, ವಾರ ಹದಿನೈದು ದಿನಕ್ಕೆ ಎಲ್ಲರದೂ ಮರಳಿತ್ತು. ಇವರದು ಹೋದದ್ದು ಹೋಗಿಯೇಬಿಟ್ಟಿತ್ತು. ಹೋಗಲಿ ಎನ್ನುವಂತಿರಲಿಲ್ಲ, ಯಾಕೆಂದರೆ ಇವರಿಗೆ ಊರಿನಲ್ಲಿ ಹೆಸರೆಂದು ಏನಾದರೂ ಇದ್ದರೆ ಅದು ಬಂದದ್ದೇ ಮೂಗಿನಿಂದ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಔಷಧದ ಕಾರ್ಖಾನೆಯಲ್ಲಿ, ಬೂಷ್ಟು ಬೆಳೆಸಿ ಅದರಿಂದ ಮದ್ದಿನ ಪುಡಿ ತೆಗೆಯುವ ವಿಭಾಗದಲ್ಲಿ, ತೊಟ್ಟಿಗಳ ಮೇಸ್ತ್ರಿಯಾಗಿದ್ದರು. ತೊಟ್ಟಿ ಕೆಟ್ಟಿದೆಯೋ ಚೆನ್ನಾಗಿದೆಯೋ ಎಂದು ಲ್ಯಾಬಿನವರು ಹೇಳುವ ಮುಂಚೆ ಮೂಸಿ ಹೇಳುತ್ತಿದ್ದರು. ಅದಕ್ಕೆ ಅಲ್ಲಿಯವರು ಮೂಗಿನ ಮೇಷ್ಟ್ರು ಎಂದು ಕರೆದರು, ಮೇಷ್ಟ್ರು ಎಂಬುದು ಹಾಗೇ ಅಂಟಿಕೊಂಡಿತು.

ಮುಚ್ಚಿಹೋಗಿದ್ದ ಆ ಕಾರ್ಖಾನೆ ಮತ್ತೆ ಶುರುವಾಗುತ್ತಿತ್ತು. ಇಂದು ಮೊದಲ ತೊಟ್ಟಿ. ಚಿಕ್ಕ ಯಜಮಾನರು ತಾವೇ ಫೋನು ಮಾಡಿ, 'ನಮ್ಮಪ್ಪನ ಕಾಲದಲ್ಲಿ ನೀವು ಇಳಿಸಿ ಅಂತ ಹೇಳದೆ ಯಾರೂ ವಾಲ್ವು ಮುಟ್ತಿರಲಿಲ್ಲವಂತೆ. ಇವತ್ತೂ ನೀವೇ ಹೇಳಬೇಕು, ಕಾರು ಕಳಿಸ್ತೀನಿ,' ಎಂದಿದ್ದರು. ಆಗಲೇ ನಿಜ ಹೇಳಿಬಿಡಬಹುದಾಗಿತ್ತು. ಮೇಷ್ಟ್ರ ಬಾಯಿಂದ ಹೊರಟದ್ದು, 'ಅದಕ್ಕೇನಂತೆ, ಬರ್ತೀನಿ,' ಎಂಬ ಮಾತು. ಫೋನು ಇಟ್ಟ ಮೇಲೆ ಹೆದರಿಕೆಯ ಜೊತೆಗೆ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷವೂ ಆಯಿತು. ಸೋಪಿನಲ್ಲಿ ಬಾರದ್ದು, ಕಾಫಿಯಲ್ಲಿ ಬಾರದ್ದು, ಆ ತೊಟ್ಟಿಯ ಬಾಯಿ ತೆರೆದಾಗ ಬರಬಹುದು. ಅಷ್ಟು ವರ್ಷ ಒಟ್ಟಿಗೆ ಬಾಳಿದ ವಾಸನೆ, ಎದುರಿಗೆ ಸಿಕ್ಕಿದರೆ ಗುರುತು ಹಿಡಿಯದೆ ಇರುತ್ತದೆಯೇ? ಹೀಗೆ ತಮಗೆ ತಾವೇ ಹೇಳಿಕೊಂಡು ಅದನ್ನು ನಂಬಿಯೂ ಬಿಟ್ಟಿದ್ದರು.

ಹೆಂಡತಿ ಇಸ್ತ್ರಿಯ ಅಂಗಿ ತಂದು ಕುರ್ಚಿಯ ಬೆನ್ನಿಗೆ ಹಾಕಿದರು. ಆ ಮೂಗಿಗೂ ಅವರಿಗೂ ಹಳೇ ಹಗೆ. ಮೇಷ್ಟ್ರು ಕೆಲಸದಿಂದ ಬಂದು ಗೇಟಿನಲ್ಲಿ ಚಪ್ಪಲಿ ಬಿಡುವ ಮುಂಚೆಯೇ, 'ಬೇಳೆ ತಳ ಹಿಡಿಸಿದೀಯ,' ಎನ್ನುತ್ತಿದ್ದರು. ಅಕ್ಕಪಕ್ಕದವರು ಕೇಳಿ ನಗುತ್ತಿದ್ದರು. 'ನಿಮ್ಮ ಮೂಗು ನನಗೆ ಸವತಿ, ನಿಮಗಿಂತ ಮೊದಲು ಮನೆ ಒಳಗೆ ಬರುತ್ತೆ,' ಎಂದು ಅವರು ತಿರುಗಿ ಹೇಳಿದರೆ ಇನ್ನೂ ನಗು. ಆದರೆ ಅಂಥ ಮೂಗನ್ನು ಹೊತ್ತ ಮೇಷ್ಟ್ರೇ ಊರಿನಲ್ಲೆಲ್ಲ ವಾಸನೆ ಹೊಡೆಯುತ್ತಿದ್ದರು. ದೊಡ್ಡ ತೊಟ್ಟಿಗೆ ಬಿಡುವ ಒಂದು ಆಮ್ಲವಿತ್ತು, ಅದು ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ ಹತ್ತಿದರೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಮೊದಲು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು, ಆಮೇಲೆ ಕಿಟಕಿ ಸರಿಸುತ್ತಿದ್ದರು, ಆಮೇಲೆ ಮುಂದಿನ ಸ್ಟಾಪಿನಲ್ಲಿ ಇಳಿಯುವವರಂತೆ ಎದ್ದು ಹೋಗಿ ಹಿಂದೆ ನಿಂತುಕೊಳ್ಳುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅಪ್ಪನ ಸ್ನಾನವಾಗುವ ತನಕ ತೊಡೆಯ ಮೇಲೆ ಕೂರುತ್ತಿರಲಿಲ್ಲ. ಅವರ ಬಟ್ಟೆಯನ್ನು ಹೆಂಡತಿ ಬೇರೆ ಬಕೆಟ್ಟಿನಲ್ಲಿ ನೆನೆಸಿ, ಬೇರೆ ತಂತಿಯ ಮೇಲೆ ಒಣಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೂ ಎಷ್ಟೋ ದಿನ ಕಪಾಟು ತೆಗೆದರೆ ಆ ವಾಸನೆ ಬರುತ್ತಿತ್ತು. ಒಂದು ದಿನ ಬರಲಿಲ್ಲ. ಹೆಂಡತಿ 'ಅಬ್ಬಾ, ಮನೆ ಮನೆಯಾಯ್ತು,' ಎಂದರು. ಮೇಷ್ಟ್ರು ಅಂದು ಊಟ ಸೇರದೆ ಎದ್ದಿದ್ದರು, ಕಾರಣ ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದಿದ್ದರು.

'ಹೋಗಲೇಬೇಕಾ?' ಹೆಂಡತಿ ಅಂಗಿಯ ಕಾಲರು ಸರಿಮಾಡುತ್ತ ಕೇಳಿದರು.

'ಯಾಕೆ? ಯಜಮಾನರೇ ಕರೆದಿದಾರೆ.'

'ನೆಗಡಿ ಅಂತ ಹೇಳಿ ಕಾರು ವಾಪಸ್ ಕಳಿಸ್ತೀನಿ. ಯಾರೂ ಏನೂ ಅನ್ಕೊಳಲ್ಲ.'

'ನನಗೆಲ್ಲಿದೆ ನೆಗಡಿ?'

ಹೆಂಡತಿ ಕಾಲರಿನಿಂದ ಕೈ ತೆಗೆಯಲಿಲ್ಲ. 'ಹಾಲು ಸೀದು ಮನೆಯೆಲ್ಲ ಹೊಗೆ ತುಂಬಿದ ದಿನ ಒಲೆ ಪಕ್ಕದಲ್ಲೇ ಕೂತು ಪೇಪರು ಓದ್ತಿದ್ರಿ. ಅವತ್ತಿಂದ ಗೊತ್ತು ನನಗೆ. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಲ್ಕು ಜನರ ಮುಂದೆ ಮರ್ಯಾದೆ ಕಳಕೋಬೇಡಿ ಅಂತ ಹೇಳ್ತಿದೀನಿ ಅಷ್ಟೇ.'

ಹೊರಗೆ ಕಾರಿನ ಹಾರ್ನು ಕೇಳಿತು. ಮೇಷ್ಟ್ರಿಗೆ ಕೋಪ ಬಂತು, ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ದಿನ ತಾವು ಆಡಿದ ನಾಟಕವನ್ನೆಲ್ಲ, ಊಟಕ್ಕೆ ಕೂತಾಗ 'ಒಗ್ಗರಣೆ ಘಮ ಅಂತಿದೆ' ಎಂದದ್ದನ್ನೆಲ್ಲ, ಇವಳು ಮುಖದಲ್ಲಿ ಒಂದು ಗೆರೆ ಅಲುಗದಂತೆ ನೋಡಿಕೊಂಡು ಬಡಿಸಿದ್ದಾಳೆ. ಸವತಿ ಸತ್ತದ್ದು ಗೊತ್ತಿದ್ದೂ ಒಂದು ದಿನ ಚುಚ್ಚಿ ಮಾತಾಡಿಲ್ಲ. ಹೇಳಬೇಕಾದ್ದು ಬಹಳವಿತ್ತು. 'ಕಾರು ಬಂತು,' ಎಂದಷ್ಟೇ ಹೇಳಿ ಹೊರಟರು.

ಕಾರಿನ ಮುಂದಿನ ಸೀಟಿನಲ್ಲಿ ಬಾಯ್ಲರ್ ಕೂತಿದ್ದ. ಅವನ ಕೆಲಸವೂ ಬಾಯ್ಲರು, ಹೆಸರೂ ಬಾಯ್ಲರು, ಸ್ವಭಾವವೂ ಅದೇ. ಕಾರ್ಖಾನೆ ಮುಚ್ಚಿದ ಮೇಲೆ ಲಾಂಡ್ರಿಯೊಂದರಲ್ಲಿ ಹಬೆಯ ಪೆಟ್ಟಿಗೆ ನೋಡಿಕೊಂಡಿದ್ದವನು, ಈಗ ಮತ್ತೆ ಕರೆ ಬಂದದ್ದೇ ತಡ ಎದ್ದುಬಿದ್ದು ಓಡಿಬಂದಿದ್ದ. 'ಏನ್ ಮೇಷ್ಟ್ರೇ, ಮೂಗಿಗೆ ಎಣ್ಣೆ ಬಿಟ್ಕೊಂಡು ಬಂದಿರೋ ಇಲ್ವೋ? ಅಲ್ಲಿ ಈಗ ಎಲ್ಲಾ ಕಂಪ್ಯೂಟರು. ಆಮ್ಲ ಎಷ್ಟು, ಗಾಳಿ ಎಷ್ಟು, ಎಲ್ಲಾ ಟಿವಿ ಮೇಲೆ ಬರುತ್ತೆ. ವಾಸನೆ ಒಂದು ಬರಲ್ಲ ನೋಡಿ. ಅದಕ್ಕೆ ನಿಮ್ಮನ್ನ ಹುಡುಕ್ಕೊಂಡು ಬಂದಿರೋದು.' ಡ್ರೈವರು ನಕ್ಕ. ಮೇಷ್ಟ್ರೂ ನಕ್ಕರು. ಮೆಡಿಕಲ್ ಅಂಗಡಿಯೊಂದು ಕಿಟಕಿಯಲ್ಲಿ ಹಾದುಹೋಯಿತು. ಇಂಥದ್ದೇ ಒಂದು ಅಂಗಡಿಯ ಮುಂದೆ, ಜ್ವರದ ದೆಸೆಯಿಂದ ಹಡಗುಗಳು ನಿಂತುಹೋಗಿದ್ದ ಆ ವರ್ಷ, ಹೆಂಡತಿಯ ಕಾಲಿನ ಗಾಯ ಕೀವಾಗಿದ್ದಾಗ ಡಾಕ್ಟರ ಚೀಟಿ ಹಿಡಿದು ನಿಂತಿದ್ದರು. 'ಸ್ಟಾಕಿಲ್ಲ ಯಜಮಾನ್ರೇ, ಪುಡಿ ಹೊರಗಿಂದ ಬರಬೇಕು, ಅಲ್ಲಿಂದ ಬಂದ್ರೆ ಇಲ್ಲಿ ಮಾತ್ರೆ,' ಎಂದಿದ್ದ ಅಂಗಡಿಯವನು. ಆ ಪುಡಿಯನ್ನು ಇವರು ಡ್ರಮ್ಮುಗಟ್ಟಲೆ ಮಾಡಿದ್ದರು. ಲಾರಿಗಳು ಗೇಟಿನಿಂದ ಬೀದಿಯ ತಿರುವಿನವರೆಗೆ ಸಾಲು ನಿಲ್ಲುತ್ತಿದ್ದವು. ಅದನ್ನು ಹೇಳಬೇಕೆಂದು ಬಾಯಿ ತೆರೆದರು, ಹಿಂದಿದ್ದವರು 'ಸ್ವಲ್ಪ ಸರೀರಿ' ಎಂದರು, ಸರಿದರು. ಅದಕ್ಕೂ ಎಷ್ಟೋ ವರ್ಷ ಮುಂಚೆ ಹೊರಗಿನ ಪುಡಿ ಅಗ್ಗಕ್ಕೆ ಬರತೊಡಗಿದಾಗ ದೊಡ್ಡ ಯಜಮಾನರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಮಾಡುವುದಕ್ಕಿಂತ ತರಿಸುವುದು ಸಲೀಸು ಎಂದು ಕಣ್ಣೀರು ಹಾಕಿಕೊಂಡೇ ಹೇಳಿದ್ದರು. ತೊಟ್ಟಿಗಳು ತಣ್ಣಗಾದವು. ಅದೇ ಗೋಡೌನಿನಲ್ಲಿ ಪರದೇಶದ ಡ್ರಮ್ಮುಗಳು ಬಂದು ಕೂತವು. ಈಗ ಸರ್ಕಾರಕ್ಕೇ ಜ್ಞಾನೋದಯವಾಗಿ, ಮದ್ದೂ ಮದ್ದಿನ ಮೂಲವಸ್ತುವೂ ಇಲ್ಲೇ ಆಗಬೇಕು, ಮಾಡುವವರಿಗೆ ನೆರವು ಕೊಡುತ್ತೇವೆ ಎನ್ನುತ್ತಿತ್ತು. ಚಿಕ್ಕ ಯಜಮಾನರು ಮನೆಯ ಆಸ್ತಿಯನ್ನೆಲ್ಲ ಇದರ ಮೇಲೆ ಇಟ್ಟಿದ್ದಾರೆ, ಮೊದಲ ತೊಟ್ಟಿ ಕೆಟ್ಟರೆ ಬಂಡವಾಳ ಹಾಕಿದ ಜೊತೆಗಾರರು ಕೈ ಕೊಡುತ್ತಾರೆ ಎಂದು ಬಾಯ್ಲರ್ ದನಿ ತಗ್ಗಿಸಿ ಹೇಳಿದ.

ಕಾರ್ಖಾನೆಯ ಗೋಡೆಗಳಿಗೆ ಹೊಸ ಬಣ್ಣ ಬಂದಿತ್ತು. ಕಬ್ಬಿಣದ ಮೆಟ್ಟಿಲು ಮಾತ್ರ ಹಳೆಯದೇ. ಹತ್ತುವಾಗ ಕಾಲುಗಳಿಗೆ ತಾವಾಗಿಯೇ ಎಲ್ಲ ಗೊತ್ತಿತ್ತು, ಎಲ್ಲಿ ಮೆಟ್ಟಿಲು ಸಣ್ಣದು, ಎಲ್ಲಿ ಕಂಬಿಯ ಬೆಸುಗೆ ಉಬ್ಬಿದೆ ಎಂದು. ಕಂಪ್ರೆಸರಿನ ಮೊರೆತ ಅಂಗಾಲಿನಿಂದ ಮೊಣಕಾಲಿಗೆ ಏರಿತು. ಎಷ್ಟೋ ವರ್ಷ ಈ ಮೊರೆತದೊಳಗೆ ಕೂಗಿ ಮಾತಾಡಿ ಮಾತಾಡಿ ಮನೆಯಲ್ಲೂ ಕೂಗುವುದೇ ಅಭ್ಯಾಸವಾಗಿ, ಮದುವೆಯಾದ ಹೊಸತರಲ್ಲಿ ಹೆಂಡತಿ ಇವರು ಸಿಟ್ಟಾಗಿದ್ದಾರೆಂದು ಅತ್ತಿದ್ದರು. ಮೇಷ್ಟ್ರ ಕಣ್ಣು ತುಂಬಿತು. ಎಲ್ಲವೂ ಇದೆ, ಹಬೆಯ ಪೈಪಿನ ಬಿಸಿ ಇದೆ, ಗಾಜಿನ ಕಿಂಡಿಯೊಳಗೆ ನೊರೆ ಮೇಲೆದ್ದು ಒಡೆಯುತ್ತಿದೆ, ತೇವದ ಗಾಳಿ ಮುಖಕ್ಕೆ ಹತ್ತುತ್ತಿದೆ. ಆದರೆ ಮದುವೆಮನೆಯ ಸಂಭ್ರಮವನ್ನು ಮುಚ್ಚಿದ ಕಿಟಕಿಯ ಆಚೆಯಿಂದ ನೋಡಿದ ಹಾಗೆ. ಇನ್ನೂ ತೊಟ್ಟಿಯ ಬಾಯಿ ತೆರೆದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು.

ಅಟ್ಟಣೆಯ ಮೇಲೆ ಚಿಕ್ಕ ಯಜಮಾನರು, ಸೂಟು ಹಾಕಿದ ಇಬ್ಬರು ಜೊತೆಗಾರರು, ಒಂದಿಷ್ಟು ಕೆಲಸಗಾರರು ನಿಂತಿದ್ದರು. ಬೀಜದ ತೊಟ್ಟಿಯ ಪಕ್ಕದಲ್ಲಿ ಅದರ ಜವಾಬ್ದಾರಿ ಹೊತ್ತ ಇಂಜಿನಿಯರ್ ಹುಡುಗಿ. ತೆಳ್ಳಗೆ, ನಿದ್ದೆ ಕೆಟ್ಟ ಕಣ್ಣು, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಬೂಷ್ಟನ್ನು ಮೊದಲು ಈ ಸಣ್ಣ ತೊಟ್ಟಿಯಲ್ಲಿ ಬೆಳೆಸಬೇಕು, ಚೆನ್ನಾಗಿ ಬೆಳೆದದ್ದನ್ನು ದೊಡ್ಡ ತೊಟ್ಟಿಗೆ ಇಳಿಸಬೇಕು. ಸಣ್ಣದರಲ್ಲಿ ಬೇರೆ ಯಾವುದಾದರೂ ಕ್ರಿಮಿ ಸೇರಿದ್ದರೆ ದೊಡ್ಡದೂ ಹಾಳು. ಅದಕ್ಕೇ ಇಳಿಸುವ ಮುಂಚೆ ಮೇಷ್ಟ್ರ ಮೂಗು. 'ಬೆಳಿಗ್ಗೆ ಮೈಕ್ರೋಸ್ಕೋಪಲ್ಲಿ ನೋಡಿದಾಗ ಸ್ಲೈಡು ಕ್ಲೀನಾಗಿತ್ತು ಸರ್,' ಎಂದಳು ಹುಡುಗಿ. 'ಪ್ಲೇಟಿನ ಮೇಲೆ ಬೇರೆ ಕ್ರಿಮಿ ಬೆಳೆಯುತ್ತಾ ಅಂತ ನೋಡೋ ಪರೀಕ್ಷೆ ನಾಳೆ ಬರುತ್ತೆ. ಅಲ್ಲೀ ತನಕ ಕಾಯೋಕಾಗಲ್ಲ, ಬೆಳವಣಿಗೆ ಹದ ಮೀರುತ್ತೆ.' ಹಬೆ ಹಾಯಿಸಿ, ವಾಲ್ವು ತಿರುಗಿಸಿ, ಗಾಜಿನ ಬಟ್ಟಲಿಗೆ ಒಂದಿಷ್ಟು ಹಿಡಿದು ಎರಡೂ ಕೈಯಲ್ಲಿ ಇವರಿಗೆ ಕೊಟ್ಟಳು. ಗಂಜಿಯಂಥ ಮಂದ ದ್ರವ, ಬಿಸಿ ಇನ್ನೂ ಆರಿರಲಿಲ್ಲ.

ಮೇಷ್ಟ್ರು ಹಳೇ ರೀತಿಯಲ್ಲೇ ಬಟ್ಟಲನ್ನು ಮೊದಲು ಎದೆಯ ಹತ್ತಿರ ಹಿಡಿದು, ಮೆಲ್ಲಗೆ ಅಲುಗಿಸಿ, ಕಣ್ಣು ಮುಚ್ಚಿ, ಮೂಗನ್ನು ಇಳಿಸಿದರು. ಎಳೆದುಕೊಂಡರು. ಬೆಚ್ಚಗಿನ ಗಾಳಿ ಬಂತು. ಇನ್ನೊಮ್ಮೆ ಎಳೆದುಕೊಂಡರು. ಬೆಚ್ಚಗಿನ ಗಾಳಿ. ಕತ್ತಲ ಕೋಣೆಯಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವುವವರಂತೆ ಮೂರನೆಯ ಸಲ, ನಾಲ್ಕನೆಯ ಸಲ. ಇಲ್ಲ. ಹಾಗಿದ್ದರೆ ನೆನಪಿನಿಂದಾದರೂ ತೆಗೆಯೋಣ ಎಂದು ಹಿಂದಕ್ಕೆ ಹೋದರು. ಒಳ್ಳೆಯ ಬೀಜದ ವಾಸನೆ ಹೇಗಿತ್ತು? ನೆಲಮಾಳಿಗೆಯ ಹಾಗೆ ಎಂದು ಹಿಂದೆ ಹೊಸಬರಿಗೆ ಹೇಳಿಕೊಡುತ್ತಿದ್ದದ್ದು ನೆನಪಾಯಿತು. ನೆಲಮಾಳಿಗೆಯ ವಾಸನೆ ಹೇಗಿರುತ್ತದೆ? ಬಸ್ಸಿನಲ್ಲಿ ಎದ್ದು ಹೋಗುತ್ತಿದ್ದವರ ಬೆನ್ನು ನೆನಪಾಯಿತು, ಮಗಳು ಮೂಗು ಹಿಡಿದು ಓಡಿದ್ದು, ಬೇರೆ ಬಕೆಟ್ಟು, ಬೇರೆ ತಂತಿ. ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಇಷ್ಟು ವರ್ಷ ಸಂಜೆಯ ಹೊತ್ತು ಬಾಗಿಲಲ್ಲಿ ಕೂತು ಆ ವಾಸನೆಯನ್ನು ನೆನೆಯುತ್ತಿದ್ದೇನೆ ಎಂದುಕೊಂಡಿದ್ದರು. ನೆನೆಯುತ್ತಿದ್ದದ್ದು ವಾಸನೆಯ ವಿಚಾರವಾಗಿ ಜನ ಆಡಿದ ಮಾತನ್ನು ಮಾತ್ರ. ಮೂಗಿನ ಜೊತೆಗೆ ವಾಸನೆಯ ನೆನಪೂ ಹೋಗಿತ್ತು, ಹೋದದ್ದು ತಿಳಿದಿರಲಿಲ್ಲ. ಕಣ್ಣು ತೆರೆದರೆ ಅಷ್ಟೂ ಮುಖಗಳು ತಮ್ಮ ಬಾಯನ್ನೇ ನೋಡುತ್ತಿದ್ದವು. ಬಾಯ್ಲರನ ಮುಖವಂತೂ ದೇವರ ಮುಂದೆ ನಿಂತವನದು.

'ಚೆನ್ನಾಗಿದೆ,' ಎಂದುಬಿಟ್ಟರು.

ಚಪ್ಪಾಳೆ ಬಿತ್ತು. ಚಿಕ್ಕ ಯಜಮಾನರು ಜೊತೆಗಾರರ ಕಡೆ ತಿರುಗಿ, 'ಹೇಳಿದ್ನಲ್ಲ, ಯಾವ ಮೆಷೀನೂ ಬೇಡ ಇವರ ಮುಂದೆ,' ಎಂದರು. ಬಾಯ್ಲರ್ ಹೆಗಲು ತಟ್ಟಿದ. ಇನ್ನು ಒಂದೇ ಮಾತು ಬಾಕಿ, ಇಳಿಸಿ ಎಂದು. ಸ್ಲೈಡು ಕ್ಲೀನಾಗಿದೆ, ಕಂಪ್ಯೂಟರಿನ ಅಂಕಿಗಳೆಲ್ಲ ಸರಿಯಿವೆ, ಬೀಜ ನಿಜವಾಗಿಯೂ ಚೆನ್ನಾಗಿದ್ದರೂ ಇರಬಹುದಲ್ಲ. ಹಾಗೆ ಅಂದುಕೊಳ್ಳುತ್ತಲೇ ಮೇಷ್ಟ್ರು ಹುಡುಗಿಯ ಕಡೆ ನೋಡಿದರು. ಅವಳು ಚಪ್ಪಾಳೆ ತಟ್ಟಿರಲಿಲ್ಲ. ದೊಡ್ಡ ತೊಟ್ಟಿಗೆ ಹೋಗುವ ವಾಲ್ವಿನ ಮೇಲೆ ಕೈಯಿಟ್ಟು ನಿಂತಿದ್ದಳು, ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿ ಮುಚ್ಚಿತು. ಆ ಅರಳುವಿಕೆಯನ್ನು ಮೇಷ್ಟ್ರು ಬಲ್ಲರು. ಕನ್ನಡಿಯ ಮುಂದೆ ಕ್ಷೌರ ಮಾಡಿಕೊಳ್ಳುವಾಗ, ಪಕ್ಕದ ಮನೆಯಲ್ಲಿ ಏನೋ ಸೀಯುತ್ತಿದ್ದರೆ, ತಮ್ಮದೇ ಮುಖದಲ್ಲಿ ಅದನ್ನು ಎಷ್ಟೋ ಸಲ ಕಂಡಿದ್ದರು.

'ನಿನಗೆ ಏನು ಬರ್ತಿದೆಯಮ್ಮ?' ಎಂದು ಕೇಳಿದರು.

'ಏನಿಲ್ಲ ಸರ್.'

'ಹೇಳು.'

'ನೀವೇ ಚೆನ್ನಾಗಿದೆ ಅಂದ ಮೇಲೆ ನಂದೇನು ಸರ್... ನಾನು ಇದನ್ನ ನೋಡ್ತಿರೋದೇ ಮೊನ್ನೆ ಮೊನ್ನೆಯಿಂದ.' ನಕ್ಕಳು, ನಗು ಪೂರ್ತಿ ಬರಲಿಲ್ಲ. 'ಇಳಿಸಲಾ ಸರ್?'

ಇಳಿಸು ಎಂದರೆ ಇಳಿಸುತ್ತಾಳೆ. ಕಾರು ಮನೆಗೆ ಬಿಡುತ್ತದೆ, ಮರ್ಯಾದೆ ಉಳಿಯುತ್ತದೆ, ತೊಟ್ಟಿ ಕೆಟ್ಟರೂ ಆಮೇಲೆ ಎಲ್ಲೋ ಕೆಟ್ಟಿತು ಎನ್ನುತ್ತಾರೆ, ಮೇಷ್ಟ್ರ ಮೂಗನ್ನು ಯಾರೂ ಅನುಮಾನಿಸುವುದಿಲ್ಲ. ಅವಳು ಮಾತ್ರ ತನ್ನ ಮೂಗನ್ನು ಅನುಮಾನಿಸುತ್ತಾಳೆ, ಇನ್ನು ಮುಂದೆ ಯಾವ ತೊಟ್ಟಿಯ ಮುಂದೆ ನಿಂತರೂ. ಅದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಇಡೀ ಕಾರ್ಖಾನೆಯಲ್ಲಿ ಬದುಕಿರುವುದು ಒಂದು ಮೂಗು, ಅದರ ಬಾಯನ್ನು ಸತ್ತ ಮೂಗೊಂದು ಮುಚ್ಚಿಸುತ್ತಿದೆ.

'ವಾಲ್ವಿಂದ ಕೈ ತೆಗಿ,' ಎಂದರು. ಕಂಪ್ರೆಸರಿನ ಸದ್ದಿನಲ್ಲಿ ಅರ್ಧ ಜನಕ್ಕೆ ಕೇಳಲಿಲ್ಲವೆಂದು ಹಳೇ ದನಿಯಲ್ಲಿ ಕೂಗಿ ಹೇಳಬೇಕಾಯಿತು. 'ನನಗೆ ವಾಸನೆ ಬರೋದಿಲ್ಲ! ಜ್ವರ ಬಂದಾಗಿಂದ ಇಲ್ಲ. ಇದು ಚೆನ್ನಾಗಿದೆಯೋ ಕೆಟ್ಟಿದೆಯೋ ನನಗೆ ಗೊತ್ತಿಲ್ಲ. ಈ ಹುಡುಗೀನ ಕೇಳಿ.'

ಹೀಗೆ ಕೂಗಿ ಹೇಳಿದ ಮಾತು ಅಟ್ಟಣೆಯ ಮೇಲೆ ಎಲ್ಲರ ನಡುವೆ ಬಿದ್ದು ಅಲ್ಲೇ ಕೂತಿತು. ಸೂಟಿನವರಲ್ಲಿ ಒಬ್ಬ ಇನ್ನೊಬ್ಬನ ಮುಖ ನೋಡಿದ. ಬಾಯ್ಲರ್ ತಲೆ ತಗ್ಗಿಸಿದ. ಚಿಕ್ಕ ಯಜಮಾನರ ಮುಖ ಕೆಂಪಾಯಿತು. 'ಮತ್ತೆ ಯಾಕ್ರೀ ಬಂದ್ರಿ? ಇಷ್ಟು ಜನರ ಮುಂದೆ ನನ್ನ ಮಂಗ ಮಾಡೋಕಾ?'

'ವಾಪಸ್ ಬರುತ್ತೇನೋ ಅಂತ ಬಂದೆ ಸ್ವಾಮಿ,' ಎಂದರು ಮೇಷ್ಟ್ರು.

ಹುಡುಗಿ ಅವರ ಕೈಯಿಂದ ಬಟ್ಟಲು ತೆಗೆದುಕೊಂಡು ಮೂಸಿದಳು. 'ಹುಳಿ ಇದೆ ಸರ್. ಕೆಳಗಡೆ, ತಡವಾಗಿ ಬರುತ್ತೆ. ಮೊದಲನೇ ಸಲ ಪ್ರಯೋಗಕ್ಕೆ ಅಂತ ಮಾಡಿದ್ರಲ್ಲಿ ಇದು ಇರಲಿಲ್ಲ. ಬೆಳಿಗ್ಗೆಯಿಂದ ಅನ್ನಿಸ್ತಿತ್ತು. ಅಂಕಿ ಸರಿ ಇದೆ, ಸ್ಲೈಡು ಸರಿ ಇದೆ, ನನ್ನ ಭ್ರಮೆ ಅನ್ಕೊಂಡೆ.' ಇನ್ನೊಂದು ಸ್ಲೈಡು ಮಾಡೋಣ ಎಂದು ಯಾರೋ ಹೇಳಿದರು. ಅವಳು ಬಟ್ಟಲು ಹಿಡಿದುಕೊಂಡು ಲ್ಯಾಬಿಗೆ ಓಡಿದಳು. ಮೇಷ್ಟ್ರು ಕಂಬಿ ಹಿಡಿದು ನಿಂತರು, ಅವರ ಸುತ್ತ ಒಂದಿಷ್ಟು ಜಾಗ ಖಾಲಿಯಾಗಿತ್ತು, ಯಾರೂ ಬಂದು ನಿಲ್ಲಲಿಲ್ಲ. ಅವಳು ವಾಪಸ್ಸು ಬಂದು ಮೈಕ್ರೋಸ್ಕೋಪಿನಲ್ಲಿ ಬೂಷ್ಟಿನ ಎಳೆಗಳ ಮಧ್ಯೆ ಸಣ್ಣ ಸಣ್ಣ ಕಡ್ಡಿಗಳು ಓಡಾಡುತ್ತಿವೆ ಎಂದಳು. ಬೆಳಿಗ್ಗೆ ಕಾಣುವಷ್ಟು ಇರಲಿಲ್ಲ, ಈಗ ಇವೆ. ಚಿಕ್ಕ ಯಜಮಾನರು ಸ್ವಲ್ಪ ಹೊತ್ತು ದೊಡ್ಡ ತೊಟ್ಟಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ನಿಂತಿದ್ದರು. ಆಮೇಲೆ, 'ಇದೊಂದು ಉಳೀತಲ್ಲ,' ಎಂದು ಜೊತೆಗಾರರಿಗೆ ಹೇಳಿದರು. 'ಸಣ್ಣದನ್ನ ಚೆಲ್ಲಿ. ಇನ್ನೊಂದು ಬೀಜ ಹಾಕೋಣ.' ಮೇಷ್ಟ್ರ ಕಡೆ ನೋಡದೆ ಮೆಟ್ಟಿಲು ಇಳಿದರು.

ಸಣ್ಣ ತೊಟ್ಟಿಯ ತಳದ ವಾಲ್ವು ತೆಗೆದಾಗ ಕೆಲಸಗಾರರೆಲ್ಲ ಕರ್ಚೀಫು ಮೂಗಿಗೆ ಒತ್ತಿಕೊಂಡರು. ಬಾಯ್ಲರ್ ಓಕರಿಸಿಕೊಂಡು ದೂರ ಹೋದ. ಬಿಸಿ ಗಂಜಿ, ಕೆಟ್ಟದ್ದನ್ನು ಚೆಲ್ಲುವ ಮುಂಚೆ ಕ್ರಿಮಿ ಸಾಯಿಸುವ ಹಬೆಯ ತೊಟ್ಟಿಯೊಳಗೆ ಭೋರೆಂದು ಬಿದ್ದು ಬೇಯತೊಡಗಿತು. ಮೇಷ್ಟ್ರು ಒಬ್ಬರೇ ಬರಿಮುಖದಲ್ಲಿ ನಿಂತು ಮೇಲೆದ್ದ ಆವಿಯನ್ನು ನೋಡುತ್ತಿದ್ದರು. ಪಕ್ಕದಲ್ಲಿ ಹುಡುಗಿ ಬಂದು ನಿಂತಳು. ಮಾಸ್ಕನ್ನು ಗಲ್ಲದ ಕೆಳಗೆ ಎಳೆದುಕೊಂಡಿದ್ದಳು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು.

'ಯಾಕಮ್ಮ, ಮುಚ್ಕೋಬಾರದಾ?'

'ಗುರುತು ಇಟ್ಕೋತಿದೀನಿ ಸರ್.'

ಮೇಷ್ಟ್ರಿಗೆ ಆ ಕ್ಷಣ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಮೊಮ್ಮಗಳ ವಯಸ್ಸಿನವಳ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನಾಚಿಕೆಯಾಯಿತು, ನಾಚಿಕೆಯಾದರೂ ಹೋಗಲಿಲ್ಲ. ಆ ವಾಸನೆ ಇನ್ನು ಇವಳದು, ಮನೆಗೆ ಹೊತ್ತುಕೊಂಡು ಹೋಗುವುದೂ ಇವಳೇ. ಆವಿ ಕಡಿಮೆಯಾದ ಮೇಲೆ ಕೇಳಿದರು, 'ಇದಿರಲಿ. ಆ ಮೊದಲನೇದು ಅಂದ್ಯಲ್ಲ, ಚೆನ್ನಾಗಿದ್ದದ್ದು. ಅದು ಹೇಗಿತ್ತು?'

ಹುಡುಗಿ ಯೋಚನೆ ಮಾಡಿದಳು. 'ಹೇಗೆ ಹೇಳೋದು ಸರ್... ಬೇಕರಿ ಇನ್ನೂ ಬಾಗಿಲು ತೆಗೆದಿರಲ್ಲ, ಹಿಂದಿನ ಕಿಟಕಿ ಹತ್ರ ಹೋದ್ರೆ ಬರುತ್ತಲ್ಲ, ಆ ಥರ. ಜೊತೇಲಿ ಅಣಬೆ ಮುರಿದ ಹಾಗೆ. ಅದರ ಹಿಂದೆ ಇನ್ನೊಂದು ಏನೋ ಇತ್ತು, ಅದಕ್ಕೆ ಹೆಸರು ಸಿಕ್ತಿಲ್ಲ.'

ಮೇಷ್ಟ್ರು ಕಂಬಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು.

'ನಿಧಾನ,' ಎಂದರು. 'ಇನ್ನೊಂದು ಸಲ ಹೇಳು.'